ಇರುವೆಗೂಡಿನಲ್ಲಿ ಇರುವೆಗಳೇಕೆ ಉಳಿಯಲಿಲ್ಲ?

ಪ್ರಶ್ನೆ: ಮಗಳ ಆಸೆಯಂತೆ ಅಂಗಳದ ಗೊದ್ದಗಳನ್ನು ಮಣ್ಣು ತುಂಬಿದ ಗಾಜಿನ ಜಾಡಿಯಲ್ಲಿಟ್ಟು ಸಕ್ಕರೆನೀರು ಕೊಡುತ್ತಿದ್ದೆವು. ಮೊದಲು ಚೆನ್ನಾಗಿ ಸುರಂಗ ತೋಡಿದವು, ಆಮೇಲೆ ಒಂದೊಂದಾಗಿ ಸತ್ತವು. ತಪ್ಪೆಲ್ಲಿ?
— ಓದುಗರೊಬ್ಬರು, ಶಿರಸಿ

ಉತ್ತರ: ನೀವು ಹಿಡಿದು ತಂದವೆಲ್ಲ ಕೆಲಸಗಾರ ಇರುವೆಗಳು; ರಾಣಿಯಿಲ್ಲದ ಗೂಡಿನಲ್ಲಿ ಹೊಸ ಕೆಲಸಗಾರರು ಹುಟ್ಟುವುದಿಲ್ಲವಾದ್ದರಿಂದ, ಎಷ್ಟೇ ಆರೈಕೆ ಮಾಡಿದರೂ ಅದು ಕ್ರಮೇಣ ಬರಿದಾಗುತ್ತದೆ. ಹಾಗೆಂದು ರಾಣಿಗಾಗಿ ಇದ್ದ ಗೂಡನ್ನು ಅಗೆಯಬೇಡಿ, ಅದು ಇಡೀ ಸಂಸಾರವನ್ನೇ ಕೆಡಿಸುತ್ತದೆ. ಮಳೆ ಬಿದ್ದ ನಂತರ ರೆಕ್ಕೆಯ ಇರುವೆಗಳು ಹಾರುತ್ತವೆ. ಆಗ ರೆಕ್ಕೆ ಕಳಚಿಕೊಂಡು ನೆಲದ ಮೇಲೆ ಒಂಟಿಯಾಗಿ ಓಡಾಡುವ, ಎದೆಭಾಗ ದಪ್ಪಗಿರುವ ದೊಡ್ಡ ಗೊದ್ದ ಸಾಮಾನ್ಯವಾಗಿ ಗರ್ಭ ಧರಿಸಿದ ರಾಣಿಯೇ.

ಅಂಥ ರಾಣಿಗೆ ಆರಂಭದಲ್ಲಿ ಜಾಡಿ ಬೇಡ, ಪ್ರನಾಳ (ಟೆಸ್ಟ್ ಟ್ಯೂಬ್) ಸಾಕು. ತಳದಲ್ಲಿ ನೀರು ತುಂಬಿ, ಹತ್ತಿಯಿಂದ ಬಿಗಿಯಾಗಿ ತಡೆದು, ರಾಣಿಯನ್ನು ಬಿಟ್ಟು, ಬಾಯಿಗೂ ಹತ್ತಿ ತುರುಕಿ ಕತ್ತಲಲ್ಲಿಡಿ. ಗೊದ್ದದ ರಾಣಿ ಹಾರಾಟದ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿ ಮೊದಲ ಮರಿಗಳನ್ನು ಸಾಕುವುದರಿಂದ ಆಗ ಆಹಾರ ಬೇಕಿಲ್ಲ. ಪದೇ ಪದೇ ಇಣುಕಿದರೆ ಗಾಬರಿಗೊಂಡು ತನ್ನ ಮೊಟ್ಟೆಗಳನ್ನೇ ತಿನ್ನಬಹುದು. ಈ ತಾಳ್ಮೆಯೇ ಎಲ್ಲಕ್ಕಿಂತ ಮುಖ್ಯ.

ಕೆಲಸಗಾರರು ಹೊರಬಂದ ಮೇಲೆ ಸಕ್ಕರೆನೀರಿನೊಂದಿಗೆ ಸತ್ತ ನೊಣ, ಜಿರಳೆಯ ತುಂಡುಗಳನ್ನೂ ಕೊಡಿ, ಏಕೆಂದರೆ ಮರಿಹುಳುಗಳ ಬೆಳವಣಿಗೆಗೆ ಪ್ರೋಟೀನ್ ಅಗತ್ಯ. ಕೀಟನಾಶಕ ಸೋಕಿದ ಹುಳು ಮಾತ್ರ ಬೇಡ. ಸಂಖ್ಯೆ ಹೆಚ್ಚಿದಾಗ, ಸುಮಾರು 1 ಸೆಂ.ಮೀ. ಅಂತರದ ಎರಡು ಗಾಜುಗಳ ನಡುವೆ ಮಣ್ಣು ತುಂಬಿದ ಗೂಡಿಗೆ ಬದಲಾಯಿಸಿದರೆ ಸುರಂಗಗಳು ಕಾಣುತ್ತವೆ. ಮಣ್ಣು ತೇವವಾಗಿರಲಿ, ಕೆಸರಾಗದಿರಲಿ. ನೇರ ಬಿಸಿಲು ತಾಗದಿರಲಿ. ಸಾಕಲಾಗದಿದ್ದರೆ, ರಾಣಿ ಸಿಕ್ಕಿದ ಜಾಗದಲ್ಲೇ ಗೂಡನ್ನು ಬಿಟ್ಟುಬಿಡಿ.