ಒಣನಾಡಿನ ಇಲಿಗೆ ಮಲೆನಾಡಿನ ಮಳೆ

ಸಾಕುಪ್ರಾಣಿ: ಓದುಗರ ಪ್ರಶ್ನೆ, ನಿವೃತ್ತ ಪಶುವೈದ್ಯರ ಉತ್ತರ

ಪ್ರಶ್ನೆ: ಮೂರನೇ ತರಗತಿಯಲ್ಲಿ ಓದುವ ಮಗಳು ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿ ಜರ್ಬಿಲ್ ಎಂಬ ಪುಟ್ಟ ಸಾಕು ಇಲಿಯನ್ನು ನೋಡಿ ಬಂದಾಗಿನಿಂದ ತನಗೂ ಅದೇ ಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮದು ತೋಟದ ನಡುವಿನ ಹಳೆಯ ಹೆಂಚಿನ ಮನೆ. ಬೆಕ್ಕೂ ಇದೆ. ‘ಬೋನಿಟ್ಟು ಹಿಡಿಯುವ ಇಲಿಯನ್ನು ಯಾರಾದರೂ ದುಡ್ಡು ಕೊಟ್ಟು ತರುತ್ತಾರೆಯೇ? ಇಲಿಜ್ವರ ಬಂದರೆ?’ ಎಂದು ಅತ್ತೆ ಗದರುತ್ತಾರೆ. ತರಬಹುದೇ? ತಂದರೆ ಹೇಗೆ ಆರಿಸಬೇಕು, ಹೇಗೆ ನೋಡಿಕೊಳ್ಳಬೇಕು?
ಒಬ್ಬ ತಾಯಿ, ಸಕಲೇಶಪುರ

ಉತ್ತರ: ನೋಡಿ ತಾಯಿ, ನನ್ನ ಸೇವಾವಧಿಯೆಲ್ಲ ಈ ಜಿಲ್ಲೆಯ ಹಸು, ಎಮ್ಮೆಗಳ ಹಿಂದೆಯೇ ಕಳೆಯಿತು. ಜರ್ಬಿಲ್ ಸಹವಾಸ ಒದಗಿದ್ದು ನಿವೃತ್ತಿಯಾದ ಮೇಲೆ, ಮೊಮ್ಮಗಳ ದೆಸೆಯಿಂದ. ಹಾಸನದ ನಮ್ಮ ಮನೆಯಲ್ಲಿ ಈಗ ಎರಡು ಗಂಡು ಜರ್ಬಿಲ್‌ಗಳಿವೆ. ನಾನು ಇದನ್ನು ಬರೆಯುತ್ತಿರುವಾಗ ಅವುಗಳಲ್ಲೊಂದು ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆಯನ್ನು ಕರಕರನೆ ಕತ್ತರಿಸುತ್ತಿದೆ. ಚುರುಕಾದ, ಸ್ವಚ್ಛವಾದ, ಸುಲಭಕ್ಕೆ ಕಚ್ಚದ ಪ್ರಾಣಿ. ಮಗಳ ಹಟ, ಅತ್ತೆಯ ಆಕ್ಷೇಪ ಎರಡನ್ನೂ ಆಮೇಲೆ ನೋಡೋಣ. ನನಗೆ ಮೊದಲು ತಿಳಿಯಬೇಕಾದದ್ದು ನಿಮ್ಮ ಮನೆಯೊಳಗಿನ ತೇವದ ವಿಚಾರ.

ಅಂಗಡಿಯಲ್ಲಿ ಸಿಗುವ ಜರ್ಬಿಲ್‌ನ ತವರು ಮಂಗೋಲಿಯ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲು. 1954ರಲ್ಲಿ ಜಪಾನಿನಿಂದ ಅಮೆರಿಕದ ಪ್ರಯೋಗಾಲಯಗಳಿಗೆ ಹೋಗಿ, ಅಲ್ಲಿಂದ ಮಕ್ಕಳ ಕೋಣೆ ಸೇರಿತು. ನೀರು ಕಡಿಮೆ ಇರುವಲ್ಲಿ ಬದುಕುವ ಜೀವ; ಮೂತ್ರ ನಾಲ್ಕು ಹನಿ, ಹಾಗಾಗಿ ವಾಸನೆಯೂ ಕಡಿಮೆ. ಆದರೆ ಗಾಳಿಯ ತೇವಾಂಶ ಶೇಕಡಾ 50 ದಾಟುತ್ತಿದ್ದಂತೆ ಇದರ ತುಪ್ಪಳ ಜಿಡ್ಡಾಗಿ, ಗಂಟುಗಂಟಾಗಿ ನಿಲ್ಲುತ್ತದೆ. ಹಾಸು ತೇವ ಹಿಡಿದರೆ ಬೂಷ್ಟು, ಬೂಷ್ಟು ಬಂದರೆ ಉಸಿರಾಟದ ತೊಂದರೆ. ಹಾಸನದಲ್ಲೇ ಮಳೆಗಾಲದಲ್ಲಿ ನಮಗೆ ಈ ಕಾಟ ತಪ್ಪಿಲ್ಲ. ಹಾಸನ ದಾಟಿ ಪಶ್ಚಿಮಕ್ಕೆ ಹೋದಂತೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆಷಾಢದಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹರವುವವರು ನೀವು.

ಒಂದು ಪರೀಕ್ಷೆ ಮಾಡಿ. ಮಳೆ ಹಿಡಿದ ದಿನ ಒಂದು ಹಪ್ಪಳ ಸುಟ್ಟು, ಜರ್ಬಿಲ್ ಇಡಬೇಕೆಂದಿರುವ ಕೋಣೆಯಲ್ಲಿ ತೆರೆದ ತಟ್ಟೆಯಲ್ಲಿಟ್ಟು ಬಾಗಿಲು ಹಾಕಿ. ಅಡುಗೆ ಮುಗಿಸಿ ಬರುವಷ್ಟರಲ್ಲಿ ಅದು ಮೆತ್ತಗಾಗಿದ್ದರೆ ಆ ಕೋಣೆ ಜರ್ಬಿಲ್‌ಗೆ ಆಗದು. ತೇವಾಂಶ ತೋರಿಸುವ ಪುಟ್ಟ ಮಾಪಕವೂ ಸಿಗುತ್ತದೆ. ನನಗೆ ಮಾತ್ರ ಹಪ್ಪಳದ ಮೇಲೆ ನಂಬಿಕೆ ಹೆಚ್ಚು. ಮನೆಯ ಯಾವ ಕೋಣೆಯೂ ಪಾಸಾಗದಿದ್ದರೆ ಜರ್ಬಿಲ್ ಆಸೆ ಬಿಟ್ಟು ಮೀನು ಸಾಕಿ. ತಮಾಷೆಗೆ ಹೇಳುತ್ತಿಲ್ಲ. ಸಕಲೇಶಪುರದ ಮಳೆಯಿಂದ ತೊಂದರೆಯಾಗದ ಸಾಕುಪ್ರಾಣಿ ಅದೊಂದೇ.

ತಾರಸಿ ಇರುವ, ಬಾಗಿಲು ಭದ್ರವಾಗಿ ಮುಚ್ಚುವ ಒಂದು ಕೋಣೆಯಾದರೂ ಇದೆ ಎಂದಾದರೆ ಮುಂದಿನ ಮಾತು. ಮಳೆ ಪೂರ್ತಿ ನಿಂತ ಮೇಲೆ ತನ್ನಿ. ಮುಂದಿನ ಮುಂಗಾರು ಬರುವ ಹೊತ್ತಿಗೆ ಪ್ರಾಣಿಯೂ ಮಗಳೂ ಒಬ್ಬರಿಗೊಬ್ಬರು ಹೊಂದಿಕೊಂಡಿರುತ್ತಾರೆ. ಕಾಫಿ ಕೊಯ್ಲಿನ ಭರಾಟೆಯಲ್ಲಿ ತಂದರೆ ನೋಡಿಕೊಳ್ಳುವವರು ಯಾರು ಎಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ. ಎಂಟು ವರ್ಷದ ಮಗು ಕಾಳು ಹಾಕುತ್ತದೆ, ನೀರು ತುಂಬುತ್ತದೆ, ಒಂದು ತಿಂಗಳ ನಂತರ ಮರೆಯುತ್ತದೆ. ಹೊಣೆ ನಿಮ್ಮದು, ಸಹಾಯ ಅವಳದು ಎಂದು ಒಪ್ಪಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ.

ಅಂಗಡಿಯಲ್ಲಿ ಹ್ಯಾಮ್‌ಸ್ಟರ್ ತೋರಿಸಿ ಜರ್ಬಿಲ್ ಎನ್ನುವವರಿದ್ದಾರೆ. ಬಾಲ ನೋಡಿ: ಜರ್ಬಿಲ್‌ಗೆ ಹೆಚ್ಚುಕಡಿಮೆ ಮೈಯಷ್ಟೇ ಉದ್ದದ, ತುದಿಯಲ್ಲಿ ಕುಚ್ಚಿರುವ ರೋಮದ ಬಾಲ; ಹ್ಯಾಮ್‌ಸ್ಟರ್‌ಗೆ ಮೋಟು ಬಾಲ. 2018ರ ಸಾಕುಪ್ರಾಣಿ ಮಾರಾಟ ನಿಯಮಗಳ ಪ್ರಕಾರ ಅಂಗಡಿಗೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕಡ್ಡಾಯ. ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಆರರಿಂದ ಎಂಟು ವಾರದ, ಒಂದೇ ಸೂಲಿನ, ಒಂದೇ ಲಿಂಗದ ಎರಡು ಮರಿಗಳನ್ನು ಆರಿಸಿ. ಒಂಟಿ ಬೇಡ, ಇವು ಕುಟುಂಬಸ್ಥರು. ಕಣ್ಣು ಹೊಳೆಯುತ್ತಿರಬೇಕು, ಮೂಗೂ ಹಿಂಭಾಗವೂ ಒಣಗಿರಬೇಕು, ಬಾಲ ಪೂರ್ತಿ ಇರಬೇಕು. ಕಿವಿಯ ಹತ್ತಿರ ಹಿಡಿದರೆ ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಕೇಳಬಾರದು. ತೊಟ್ಟಿಯೊಳಗೆ ನಿಮ್ಮ ಕೈ ಇಟ್ಟು ಸುಮ್ಮನಿರಿ. ಮೂಸಲು ತಾನಾಗಿ ಬರುವ ಮರಿಯೇ ನಿಮ್ಮ ಮಗಳಿಗೆ ತಕ್ಕದ್ದು. ಮೂಲೆಯಲ್ಲಿ ಮುದುಡಿ ಕೂತದ್ದನ್ನು ಕನಿಕರದಿಂದ ತರಬೇಡಿ.

ಕಂಬಿಯ ಪಂಜರ ಬೇಡವೇ ಬೇಡ. ನೀರು ಸೋರುತ್ತದೆಂದು ಯಾರೋ ಮೂಲೆಗೆ ಹಾಕಿದ ಗಾಜಿನ ಮೀನಿನ ತೊಟ್ಟಿ, ಸುಮಾರು ಮೂರಡಿ ಉದ್ದದ್ದು, ಅಗ್ಗಕ್ಕೆ ಸಿಕ್ಕರೆ ಅದೇ ಅರಮನೆ. ಮೇಲೆ ಬೆಸುಗೆ ಜಾಲರಿಯ ಮುಚ್ಚಳ, ಅದಕ್ಕೆ ಕೊಕ್ಕೆ. ನಿಮ್ಮ ಬೆಕ್ಕಿನ ಪಂಜಕ್ಕೂ ಅಟ್ಟದ ಇಲಿಗೂ ಅದೇ ಉತ್ತರ. ಒಳಗೆ ಕನಿಷ್ಠ ಒಂದು ಗೇಣು ಹಾಸು ತುಂಬಿ. ಸುರಂಗ ತೋಡಲು ಜಾಗ ಸಿಗದ ಜರ್ಬಿಲ್ ಗಾಜಿನ ಮೂಲೆಯನ್ನೇ ದಿನವಿಡೀ ಕೆರೆಯುತ್ತದೆ, ನೋಡಲಾಗದು. ಅಚ್ಚಿಲ್ಲದ ಕಾಗದದ ಚೂರು, ಒಣ ಹುಲ್ಲು, ರಟ್ಟು ಒಳ್ಳೆಯದು. ಸಾಮಿಲ್ಲಿನ ಹೊಟ್ಟಿನಲ್ಲಿ ಧೂಳು. ತೋಟದಲ್ಲಿ ಪುಕ್ಕಟೆ ಸಿಗುತ್ತದೆಂದು ಕಾಫಿ ಸಿಪ್ಪೆ ತುಂಬೀರಿ ಜೋಕೆ. ಅದಕ್ಕೆ ಬೂಷ್ಟು ಬೇಗ ಹತ್ತುತ್ತದೆ. ಹಾಸನ್ನು ಒಮ್ಮೆಗೇ ಪೂರ್ತಿ ತೆಗೆಯದೆ, ಹಳೆಯದು ಸ್ವಲ್ಪ ಉಳಿಸಿ ಬದಲಿಸಿ. ತಮ್ಮ ವಾಸನೆ ಮಾಯವಾದರೆ ಅವು ಕಂಗಾಲಾಗುತ್ತವೆ.

ಊಟಕ್ಕೆ ರಾಗಿ, ನವಣೆ, ಸಜ್ಜೆ, ಗೋಧಿ ಬೆರೆಸಿ, ಒಂದಕ್ಕೆ ದಿನಕ್ಕೆ ಒಂದು ದೊಡ್ಡ ಚಮಚ. ಸೂರ್ಯಕಾಂತಿ ಬೀಜ ಕೊಬ್ಬು, ಕೈ ಪಳಗಿಸಲು ಒಂದೆರಡು ಸಾಕು. ಕ್ಯಾರೆಟ್ ಚೂರು ಆಗಬಹುದು. ನಮ್ಮ ಜಿಲ್ಲೆಯ ಹೆಮ್ಮೆಯ ಆಲೂಗಡ್ಡೆಯನ್ನು ಹಸಿಯಾಗಿ ಕೊಡಬೇಡಿ. ಬಾಟಲಿಯಲ್ಲಿ ನೀರು ಸದಾ ಇರಲಿ; ಮರುಭೂಮಿಯ ಪ್ರಾಣಿಗೆ ನೀರೇಕೆ ಎನ್ನುವ ವ್ಯಾಪಾರಿಯ ಮಾತು ಕೇಳಬೇಡಿ.

ಇನ್ನು ಅತ್ತೆಯವರು. ಅವರ ಭಯ ಅರ್ಧ ಸರಿ. ಇಲಿಜ್ವರ ಹೆಚ್ಚಾಗಿ ಹರಡುವುದು ಕಾಡು ಇಲಿ, ಹೆಗ್ಗಣಗಳ ಮೂತ್ರ ಬೆರೆತ ನೀರು, ಕೆಸರಿನಿಂದ. ಶುಚಿಯಾಗಿ ಬೆಳೆಸಿದ ಜರ್ಬಿಲ್‌ನಿಂದ ಆ ಅಪಾಯ ತೀರ ಕಡಿಮೆ. ಚೆಲ್ಲಿದ ಕಾಳಿಗೆ ಅಟ್ಟದ ಇಲಿ ಇಳಿದು ಬಂದರೆ ಮಾತ್ರ ಅಪಾಯವೂ ಜೊತೆಗೆ ಇಳಿಯುತ್ತದೆ. ಕಾಳನ್ನು ಬಿಗಿ ಡಬ್ಬದಲ್ಲಿಡಿ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಸಿ. ಮಗಳು ನೆಲದ ಮೇಲೆ ಕೂತೇ, ಎರಡೂ ಅಂಗೈ ಬೊಗಸೆ ಮಾಡಿ ಎತ್ತಲಿ. ನಿಂತು ಎತ್ತಿದರೆ ಅದು ಜಿಗಿಯುತ್ತದೆ, ಬೀಳುತ್ತದೆ. ಹೆದರಿದರೆ ಹಿಂಗಾಲಿನಿಂದ ನೆಲವನ್ನು ದಡದಡ ಬಡಿಯುತ್ತದೆ; ಆಗ ಕೈ ಹಿಂದಕ್ಕೆ. ಆಯುಸ್ಸು ಮೂರ್ನಾಲ್ಕು ವರ್ಷ. ಅದನ್ನೂ ಅವಳಿಗೆ ಕೊಳ್ಳುವ ಮೊದಲೇ ಹೇಳಿಬಿಡಿ.

ಪ್ರಶ್ನೆ: ಗಂಡು ಹೆಣ್ಣು ಜೋಡಿ ತೆಗೆದುಕೊಂಡರೆ ಖುಷಿಯಾಗಿರುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ಮಗನಿಗೂ ಮರಿ ನೋಡುವ ಆಸೆ.
ಒಬ್ಬ ತಂದೆ, ಚಿಕ್ಕಮಗಳೂರು

ಉತ್ತರ: ಖುಷಿಯಾಗಿರುವುದು ಅಂಗಡಿಯವರು. ಗರ್ಭ ಸುಮಾರು 25 ದಿನ, ಒಂದು ಸೂಲಿಗೆ ನಾಲ್ಕೈದು ಮರಿ, ಹೆತ್ತ ದಿನವೇ ಮತ್ತೆ ಗರ್ಭ ಕಟ್ಟುತ್ತದೆ. ಮೂರು ತಿಂಗಳಿಗೆ ಆ ಮರಿಗಳೂ ಸಂಸಾರಕ್ಕೆ ಸಿದ್ಧ. ನೆಂಟರಿಗೆ ಹಂಚಿ ನೆಂಟಸ್ತಿಕೆ ಕೆಡುತ್ತದೆ, ಆಮೇಲೆ ಹೊಲಕ್ಕೆ ಬಿಡೋಣ ಎನ್ನುವ ಯೋಚನೆ ಬರುತ್ತದೆ. ಖಂಡಿತ ಬಿಡಕೂಡದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜರ್ಬಿಲ್ ಸಾಕುವುದಕ್ಕೇ ನಿಷೇಧವಿದೆ; ತಪ್ಪಿಸಿಕೊಂಡವು ಒಣನೆಲದಲ್ಲಿ ಬೇರೂರಿ ಬೆಳೆ ತಿಂದಾವು ಎಂಬ ಅಂಜಿಕೆ. ಕೊಳ್ಳುವಾಗ ಮರಿಯನ್ನು ಮಗುಚಿ ನೋಡಿ: ಮೂತ್ರದ್ವಾರಕ್ಕೂ ಗುದಕ್ಕೂ ಅಂತರ ಹೆಚ್ಚಿದ್ದರೆ ಗಂಡು. ಎರಡು ಮರಿಗಳನ್ನು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ನಾನು ಆರನೇ ತರಗತಿ. ನನ್ನ ಜರ್ಬಿಲ್‌ನ ಬಾಲದ ತುದಿಯ ಚರ್ಮ ಕಳಚಿ ಬಂದಿದೆ. ಮೂಗಿನ ಸುತ್ತ ಕೆಂಪಾಗಿದೆ, ರಕ್ತವೇ? ಹೋದ ವಾರ ಒಮ್ಮೆ ಕೈಯಲ್ಲೇ ಸೆಟೆದುಕೊಂಡು ನಡುಗಿತು.
ಒಬ್ಬ ವಿದ್ಯಾರ್ಥಿ, ಅರಸೀಕೆರೆ

ಉತ್ತರ: ಬಾಲ ಹಿಡಿದು ಎತ್ತಿದವರು ಯಾರು ಎಂದು ನಾನು ಕೇಳುವುದಿಲ್ಲ, ಮರಿ. ಜರ್ಬಿಲ್‌ನ ಬಾಲದ ಚರ್ಮ ಸಡಿಲ. ಶತ್ರುವಿನ ಬಾಯಲ್ಲಿ ಚರ್ಮ ಬಿಟ್ಟು ಓಡಿಹೋಗಲಿ ಎಂಬ ಏರ್ಪಾಡು ಅದು. ಉಳಿದ ಎಳೆ ಒಣಗಿ ತಾನೇ ಉದುರುತ್ತದೆ, ಚರ್ಮ ಮತ್ತೆ ಬೆಳೆಯುವುದಿಲ್ಲ. ಅರಿಶಿನ, ಮುಲಾಮು ಏನನ್ನೂ ಸವರಬೇಡ, ನೆಕ್ಕಿಬಿಡುತ್ತದೆ.

ಮೂಗಿನ ಕೆಂಪು ಬಹುಶಃ ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಕೆಂಪು ಬಣ್ಣದ ದ್ರವ ಒಸರಿ ಮೂಗಿಗೆ ಇಳಿಯುತ್ತದೆ. ಮರಳಿನಲ್ಲಿ ಹೊರಳಿದರೆ ಅದು ಹೋಗುತ್ತದೆ. ನುಣುಪಾದ ಹೊಳೆಮರಳನ್ನು ಧೂಳು ಹೋಗುವವರೆಗೆ ತೊಳೆದು, ಅಮ್ಮನಿಂದ ಬಾಣಲೆಯಲ್ಲಿ ಹುರಿಸಿ, ಆರಿದ ಮೇಲೆ ಒಂದು ಬಟ್ಟಲಿನಲ್ಲಿಡು. ಎಂ-ಸ್ಯಾಂಡ್ ಚೂಪು, ಅದು ಬೇಡ. ಚರ್ಮ ಹುಣ್ಣಾಗಿದ್ದರೆ, ಕೂದಲು ಉದುರಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಸೆಟೆದು ನಡುಗಿದ್ದು ಮೂರ್ಛೆ. ಜರ್ಬಿಲ್‌ಗಳಲ್ಲಿ ಇದು ಅಪರೂಪವಲ್ಲ. ತಟ್ಟನೆ ಹಿಡಿದಾಗ, ಹೊಸ ಜಾಗಕ್ಕೆ ಬಿಟ್ಟಾಗ ಬರುತ್ತದೆ, ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ತೊಟ್ಟಿಗೆ ಮೆಲ್ಲನೆ ಬಿಟ್ಟು, ಬಟ್ಟೆ ಮುಚ್ಚಿ ಕತ್ತಲು ಮಾಡಿ, ಸದ್ದಿಲ್ಲದೆ ಇರು. ನಮ್ಮ ಕಡೆಯವರಂತೆ ಬೀಗದ ಕೈ ಹಿಡಿಸಲು ಹೋಗಬೇಡ, ಅದಕ್ಕೆ ಹಿಡಿಯುವಷ್ಟು ಅಂಗೈಯೂ ಇಲ್ಲ. ಪದೇ ಪದೇ ಬಂದರೆ ಅಪ್ಪನ ಜೊತೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಬಾ; ಸಣ್ಣ ಪ್ರಾಣಿ ನೋಡುವವರು ಯಾವ ಹೊತ್ತಿಗೆ ಇರುತ್ತಾರೆಂದು ಮೊದಲು ಫೋನ್ ಮಾಡಿ ವಿಚಾರಿಸಿ. ಅದಕ್ಕೊಂದು ಜೊತೆ ಇದ್ದರೆ ಎರಡನ್ನೂ ಒಂದೇ ಡಬ್ಬದಲ್ಲಿ, ಅವುಗಳದೇ ಹಳೆಯ ಹಾಸು ಹಾಕಿ ತಾ. ಒಂದನ್ನು ಮನೆಯಲ್ಲಿ ಬಿಟ್ಟು ಕೆಲವು ದಿನ ಬೇರೆ ಇಟ್ಟರೆ, ಮರಳಿ ಸೇರಿಸುವಾಗ ಅಪರಿಚಿತರೆಂದುಕೊಂಡು ರಕ್ತ ಬರುವಂತೆ ಕಚ್ಚಾಡುತ್ತವೆ.