ಖುಷಿ, ಅಳು ಕೂಡೇ ಬಂದ್ರ ಅದಕ್ಕೇನಂತಾರ್ರೀ?

ಪ್ರಶ್ನೆ: ನಮ್ಮಪ್ಪಾರು ಹಳೇ ಬಾಗಲಕೋಟ್ಯಾಗ ಹುಟ್ಟಿ ಬೆಳದವರು. ಆಲಮಟ್ಟಿ ಹಿನ್ನೀರಿಗೆ ಮನಿ ಹೋತು, ಈಗ ನವನಗರದಾಗ ಅದೀವಿ. ಹೊಸ ಮನಿ, ಅಗಲ ರಸ್ತೆ ಅಂತ ಬಂದವರ ಮುಂದೆಲ್ಲಾ ಹೆಮ್ಮಿಲೆ ಹೇಳ್ತಾರ, ಹೇಳ್ಕೋತನ ಕಣ್ಣಾಗ ನೀರು ತರ್ತಾರ. ಸೈಕಾಲಜಿ ಓದೋ ನಮ್ಮ ತಂಗಿ ಮಗ ಇದಕ್ಕ ‘ಆಂಬಿವಲೆನ್ಸ್’ ಅಂತಾನ. ಈ ಪದ ಎಲ್ಲಿಂದ ಬಂತ್ರೀ, ಕನ್ನಡದಾಗ ಏನಂತಾರ?
— ಓದುಗರು, ನವನಗರ, ಬಾಗಲಕೋಟಿ

ಉತ್ತರ: ಪದ ಭಾಳ ಹಳೇದೇನಲ್ರೀ. ಜ್ಯೂರಿಕ್‌ನಾಗ ಮಾನಸಿಕ ಆಸ್ಪತ್ರೆ ನಡಸ್ತಿದ್ದ ಬ್ಲಾಯ್ಲರ್ ಅನ್ನೋ ಸ್ವಿಸ್ ಡಾಕ್ಟರು 1910ರಾಗ ಜರ್ಮನ್ ಭಾಷಾದಾಗ ಕಟ್ಟಿದ್ದು, ಲ್ಯಾಟಿನ್‌ದ ‘ಆಂಬಿ’ ಅಂದ್ರ ಎರಡೂ ಕಡೆ, ‘ವಲೆಂಟಿಯಾ’ ಅಂದ್ರ ಬಲ, ಕೂಡಿಸಿದ್ರ ಎರಡೂ ಕಡೆ ಜಗ್ಗೋ ಬಲ. ಸ್ಕಿಜೋಫ್ರೇನಿಯಾ, ಆಟಿಸಂ ಅನ್ನೋ ಹೆಸರೂ ಇವರದ, ಹೆಸರಿಡೋದ್ರಾಗ ಎತ್ತಿದ ಕೈ! ಮುಂದ ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಇದನ್ನ ತಗೊಂಡು, ಒಬ್ಬರ ಮ್ಯಾಲೇ ಪ್ರೀತಿನೂ ದ್ವೇಷಾನೂ ಇರೋದಕ್ಕ ಬಳಸಿದ.

ಕನ್ನಡದಾಗ ಸಾಮಾನ್ಯವಾಗಿ ‘ದ್ವಂದ್ವ’ ಅಂತ ಬರೀತಾರ. ‘ಇಬ್ಬಂದಿ’, ‘ಧರ್ಮಸಂಕಟ’ ಅಂತ ಮಾತ್ರ ಅನಬ್ಯಾಡ್ರಿ, ಅವು ಇದು ಮಾಡ್ಲೋ ಅದು ಮಾಡ್ಲೋ ಅನ್ನೋ ಹೊತ್ತಿನ ಮಾತು, ನಿಮ್ಮಪ್ಪಾರಿಗೆ ಆರಿಸೋದೇನ ಉಳದೈತಿ, ಘಟಪ್ರಭಾದಾಗ ನೀರು ಏರಿ ಊರಾಗ ನಿಂತಿದ್ದು ಆಗೇ ಹೋಗೈತಿ.

ನನ್ನ ಕೇಳಿದ್ರ ‘ಭಾವಸಂಧಿ’ ಅನ್ರಿ. ನಮ್ಮ ಅಲಂಕಾರಶಾಸ್ತ್ರದವರು, ಅಂದ್ರ ಕಾವ್ಯದ ಸೊಗಸು ವಿಚಾರ ಮಾಡಿದ ಸಂಸ್ಕೃತ ಪಂಡಿತರು, ಇದನ್ನೆಲ್ಲಾ ಯಾವಾಗೋ ವಿಂಗಡಿಸಿ ಇಟ್ಟಾರ, 11ನೇ ಶತಮಾನದ ಕಾಶ್ಮೀರದ ಮಮ್ಮಟನೂ ಹೇಳ್ತಾನ: ಭಾವ ಹುಟ್ಟೋದು ಭಾವೋದಯ, ತಣ್ಣಗಾಗೋದು ಭಾವಶಾಂತಿ, ಸರಿಸಮ ಬಲದ ಎರಡು ಭಾವ ಒಮ್ಮೆಗೇ ಕೂಡಿದ್ರ ಭಾವಸಂಧಿ, ಒಂದನ್ನ ಒಂದು ತಳ್ಳಿಕೋತ ನಾಕಾರು ನುಗ್ಗಿ ಬಂದ್ರ ಭಾವಶಬಲತೆ. ಶಬಲ ಅಂದ್ರ ಬಣ್ಣ ಬಣ್ಣದ ಚುಕ್ಕಿ ಇದ್ದದ್ದು, ಋಗ್ವೇದದಾಗ ಯಮನ ನಾಯಿಗಳಿಗೂ ಇದ ಪದ ಹಾಕ್ಯಾರ, ಇರ್ಲಿ ಬಿಡ್ರಿ. ಬರೇ ಹೆಮ್ಮಿ ಮತ್ತ ದುಃಖ ಇದ್ರ ಅದು ಸಂಧಿ, ಅದರಾಗ ಪರಿಹಾರದ ಸಿಟ್ಟು, ಹಳೇ ಓಣಿ ನೆನಪು, ಮಕ್ಕಳ ಚಿಂತಿ ಎಲ್ಲಾ ಬಂದು ಹೋಗ್ತಿದ್ರ ಶಬಲತೆ, ಯಾವುದು ಅಂತ ದಿನಾ ನೋಡೋ ನೀವ ಹೇಳಬೇಕು. ತಂಗಿ ಮಗ ಪರೀಕ್ಷಾದಾಗ ಮಾತ್ರ ಆಂಬಿವಲೆನ್ಸ್ ಅಂತನ ಬರೀಲಿ, ಮಮ್ಮಟನ ಹೆಸರಿಗೆ ಅಲ್ಲಿ ಮಾರ್ಕ್ಸ್ ಕೊಡಂಗಿಲ್ಲ.