ಗಂಡಭೇರುಂಡದ ಮೊಸಾಯಿಕ್‌ಗೆ ಪ್ಲೈವುಡ್ ಆಗುತ್ತಾ?

ಒಡೆದ ಟೈಲ್ಸ್, ಗಾಜಿನ ಬಳೆ, ಹಿತ್ತಾಳೆ ಚೂರು ಸೇರಿಸಿ ಗಂಡಭೇರುಂಡ ಮಾಡಿ ಬಾಲ್ಕನಿಯಲ್ಲಿ ಹಾಕಬೇಕು, ಪ್ಲೈವುಡ್ ಮತ್ತು ಫೆವಿಕಾಲ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಮ್ಮ ಬೆಂಗಳೂರಿನ ಮಳೆ ಎರಚಲು ಬಡಿದರೆ ಪ್ಲೈವುಡ್ ಉಬ್ಬುತ್ತದೆ, ಮಾಮೂಲಿ ಬಿಳಿ ಅಂಟು ಮೆತ್ತಗಾಗಿ ಚೂರುಗಳು ಒಂದೊಂದೇ ಉದುರುತ್ತವೆ. ಸಿಮೆಂಟ್ ಬೋರ್ಡ್ ತಗೊಳ್ಳಿ. ಟೈಲ್ ಅಂಟಿಸುವ ಪುಡಿ ಬಿಳಿಯದ್ದೇ ಇರಲಿ, ಬೂದು ಬಣ್ಣದ್ದು ಹಾಕಿದರೆ ಅದು ಬಳೆಯ ಗಾಜಿನೊಳಗಿಂದ ಕಂಡು ಬಣ್ಣವೇ ಮಂಕಾಗುತ್ತದೆ.

ನಿಜವಾದ ತಲೆನೋವು ದಪ್ಪದ್ದು. ಟೈಲ್ ದಪ್ಪ, ಬಳೆ ತೆಳು. ಹಾಗೇ ಅಂಟಿಸಿದರೆ ಗ್ರೌಟ್ (ಚೂರುಗಳ ಸಂದಿಗೆ ಹಾಕುವ ಸಿಮೆಂಟ್ ಗಾರೆ) ತುಂಬುವಾಗ ಬಳೆ ಮುಳುಗಿಯೇ ಹೋಗುತ್ತದೆ, ಅದಕ್ಕೆ ಕೆಳಗೆ ಅಂಟು ಸ್ವಲ್ಪ ಜಾಸ್ತಿ ಹಾಕಿ ಎತ್ತರಿಸಿ. ಗ್ರೌಟ್ ಮೆತ್ತದಂತೆ ಹಿತ್ತಾಳೆಯ ಮೇಲ್ಭಾಗಕ್ಕೆ ಮೊದಲೇ ಟೇಪ್ ಅಂಟಿಸಿ. ಬಳೆಯನ್ನು ಬಟ್ಟೆಯೊಳಗಿಟ್ಟು ಒಡೆಯಿರಿ, ಕನ್ನಡಕ ಇರಲಿ, ಸುಮ್ನೆ ರಿಸ್ಕ್ ಯಾಕೆ?

ಇನ್ನು ಡಿಸೈನ್. ಸರ್ಕಾರದ ಲಾಂಛನ ನೋಡಿಕೊಂಡು ಮಾಡುವವರೇ ಜಾಸ್ತಿ, ಅಲ್ವಾ? ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಭೇರುಂಡದ ಫೋಟೋ ಹುಡುಕಿ: ಮೈ ಮನುಷ್ಯನದು, ತಲೆ ಎರಡೂ ಹಕ್ಕಿಯದು. ನನಗಂತೂ ಅದೇ ಇಷ್ಟ, ರೆಕ್ಕೆ ತುಂಬುವ ಗೋಜೂ ಇಲ್ಲ. ಬಳೆಗೆ ಚಿಕ್ಕಪೇಟೆ ಕಡೆ ಹೋಗಿ, ಒಡೆದದ್ದು ಇದೆಯಾ ಅಂತ ಮೊದಲು ಕೇಳಿ ನೋಡಿ.